ಫಿಲ್ಟರ್ ತಿರುಗಿಸಿದಾಗ ಗಾಜಿನ ಹಿಂದೆ ಕಂಡದ್ದು

2023ರ ಬೇಸಿಗೆ. ಕುದ್ರೋಳಿಯಲ್ಲಿ ನಾನು ಸ್ಟುಡಿಯೊ ತೆರೆದು ಹದಿನಾರು ವರ್ಷಗಳಾಗಿದ್ದವು. ಇತಿಹಾಸದಲ್ಲಿ ಎಂ.ಎ. ಮಾಡಿದವಳು ಮದುವೆಗಳ ಫೋಟೊ ತೆಗೆಯಲು ಹೊರಟದ್ದು ಹೇಗೆ ಎಂಬುದು ಬೇರೆಯೇ ಕಥೆ. ಆ ಓದಿನಿಂದ ನನ್ನಲ್ಲಿ ಉಳಿದದ್ದು ಒಂದು ಸಂಶಯ: ಕಣ್ಣಾರೆ ಕಂಡವರ ಮಾತನ್ನೂ ಒಂದೇ ಸಲಕ್ಕೆ ನಂಬಬಾರದು. ದಿನಚರಿ ಬರೆಯುವ ಅಭ್ಯಾಸ ಬಂದದ್ದೂ ಅದರಿಂದಲೇ. ಆದರೆ ಈ ಘಟನೆಯ ದಿನ ನಾನು ಬರೆದದ್ದು ಎರಡೇ ಸಾಲು. ಆದ್ದರಿಂದ ಇಲ್ಲಿ ಯಾವುದು ನನ್ನ ನೆನಪು, ಯಾವುದು ಆಮೇಲೆ ಬೇರೆಯವರಿಂದ ಕೇಳಿ ಸೇರಿಕೊಂಡದ್ದು ಎಂಬುದನ್ನು ಆದಷ್ಟು ಬಿಡಿಸಿಯೇ ಹೇಳುತ್ತೇನೆ.

ಮೊದಲು ಫಿಲ್ಟರ್ ಬಗ್ಗೆ ಸ್ವಲ್ಪ ಹೇಳಬೇಕು. ಕ್ಯಾಮೆರಾದ ಲೆನ್ಸ್‌ನ ಮುಂದೆ ತಿರುಪಿ ಕೂರಿಸುವ ತೆಳು ಗಾಜೇ ಫಿಲ್ಟರ್. ನಮ್ಮ ಊರಿನ ಉಪ್ಪು ಗಾಳಿಯಿಂದ, ಅರಶಿನ ಕುಂಕುಮದ ಧೂಳಿನಿಂದ ಲೆನ್ಸನ್ನು ಕಾಪಾಡಲು ನಾನು ಸದಾ ಒಂದು ಯು.ವಿ. ಫಿಲ್ಟರ್ ಹಾಕಿಡುತ್ತೇನೆ. ಅದು ಚಿತ್ರವನ್ನು ಹೆಚ್ಚೇನೂ ಬದಲಾಯಿಸುವುದಿಲ್ಲ. ಪೋಲರೈಸರ್ ಎಂಬ ಇನ್ನೊಂದು ಜಾತಿಯದು ಹಾಗಲ್ಲ. ಅದರ ಹೊರ ಉಂಗುರವನ್ನು ಮೆಲ್ಲನೆ ತಿರುಗಿಸುತ್ತ ಹೋದರೆ ನೀರು, ಎಲೆ, ಗಾಜುಗಳ ಮೇಲಿನ ಹೊಳಪು ಒಂದು ಹಂತದಲ್ಲಿ ಆರಿಹೋಗುತ್ತದೆ. ಕೆರೆಯ ಮೇಲೆ ಆಕಾಶ ಕಾಣುತ್ತಿದ್ದಲ್ಲಿ ತಳದ ಕಲ್ಲು ಕಾಣುತ್ತದೆ. ಗಾಜಿಗೆ ನೇರ ಎದುರು ನಿಂತರೆ ಇದು ನಡೆಯುವುದಿಲ್ಲ, ಓರೆಯಾಗಿ ನಿಲ್ಲಬೇಕು. ಬೆಳಕನ್ನೂ ಬಹಳ ನುಂಗುವುದರಿಂದ ಹಾಲ್‌ನ ಒಳಗೆ ಉಪಯೋಗವಿಲ್ಲ. ಹಾಗಾಗಿ ಮದುವೆ ಫೋಟೊ ತೆಗೆಯುವವರು ಅದನ್ನು ಬ್ಯಾಗಿನ ಅಡಿಯಲ್ಲೇ ಇಟ್ಟಿರುತ್ತಾರೆ. ನಾನೂ ಇಟ್ಟಿದ್ದೆ.

ಮದುವೆ ಸುರತ್ಕಲ್‌ನ ಹೆದ್ದಾರಿ ಬದಿಯ ಒಂದು ಹಾಲ್‌ನಲ್ಲಿ. ಹೆಣ್ಣಿನ ಕಡೆಯವರು ಕುದ್ರೋಳಿಯವರು, ನನ್ನ ಸ್ಟುಡಿಯೊದ ಹಿಂದಿನ ಬೀದಿಯವರೇ. ಮದುಮಗಳು ಪ್ರತೀಕ್ಷಾ. ಅವಳ ಅಕ್ಕ ಶ್ವೇತಾ. ಶ್ವೇತಾಳ ಗಂಡ ದುಬೈಯಲ್ಲಿ, ರಜೆ ಸಿಕ್ಕಿರಲಿಲ್ಲ. ಅವರ ಮಗಳು ಆದ್ಯಾಳಿಗೆ ಮೂರು ವರ್ಷ. ಹಿಂದಿನ ದಿನ ಮೆಹಂದಿಯಲ್ಲಿ ಆ ಮಗು ನನ್ನ ಕ್ಯಾಮೆರಾದ ಪಟ್ಟಿ ಹಿಡಿದು ಎಳೆದು, "ಇದು ಎಂತ? ಅದು ಎಂತ?" ಎಂದು ಕೇಳಿ ಕೇಳಿ ತಲೆ ತಿಂದಿತ್ತು.

ಮುಹೂರ್ತಕ್ಕೆ ಇನ್ನೂ ಸಮಯವಿತ್ತು. ಸಿಂಗಾರವಾದ ಬಿಳಿ ಕಾರು ಹಾಲ್‌ನ ಪಕ್ಕದ ಅಂಗಳದಲ್ಲಿ ನಿಂತಿತ್ತು, ಅದರಾಚೆ ಒಂದು ಕಪ್ಪು ಕಾರು. ಜನ ಮುತ್ತಿಕೊಳ್ಳುವ ಮೊದಲೇ ಬಿಳಿ ಕಾರಿನದೊಂದು ಚಿತ್ರ ತೆಗೆದಿಡೋಣವೆಂದು ಹೋದೆ. ತೆಗೆದು ನೋಡಿದರೆ ಗುಲಾಬಿ ಹೂಗಳಿಗಿಂತ ಹೆಚ್ಚಾಗಿ ತೆಂಗಿನ ಮರಗಳೇ ಇದ್ದವು: ಎರಡೂ ಕಾರುಗಳ ಗಾಜಿನ ತುಂಬ ಆಕಾಶ, ಗರಿ, ಹಾಲ್‌ನ ಗೋಡೆ. ಪೋಲರೈಸರ್ ತರಲು ಬಾಗಿಲಿನ ಬಳಿ ಇದ್ದ ಬ್ಯಾಗಿಗೆ ಹೋದೆ. ಅಲ್ಲಿ ವಿಡಿಯೊ ಮಾಡುವ ದಿನೇಶ ಸ್ಟ್ಯಾಂಡ್ ಜೋಡಿಸುತ್ತಿದ್ದ. ಹತ್ತು ವರ್ಷದಿಂದ ನನ್ನ ಜೊತೆ ಇರುವವನು.

"ಅಕ್ಕ, ಫೋನಲ್ಲೇ ಐವತ್ತು ಫಿಲ್ಟರ್ ಉಂಟು. ನೀವು ಇನ್ನೂ ಕುಪ್ಪಿಚೂರು ತಿರುಗಿಸ್ತಾ ಇದ್ದೀರಿ."

"ಫೋನಿನದ್ದು ಇದ್ದದ್ದರ ಮೇಲೆ ಬಣ್ಣ ಬಳಿಯುತ್ತದೆ ಮಾರಾಯ. ಗಾಜಿನ ಹಿಂದೆ ಇರುವುದನ್ನು ತೋರಿಸುತ್ತದಾ?"

"ಗಾಜಿನ ಹಿಂದೆ ಎಂತ ಇರ್ತದೆ? ಸೀಟು. ಸೀಟಿನ ಫೋಟೊಕ್ಕೆ ಯಾರಾದರೂ ದುಡ್ಡು ಕೊಡ್ತಾರಾ?"

ಹೀಗೆ ಹೇಳಿದ್ದನ್ನು ದಿನೇಶನೂ ಒಪ್ಪುತ್ತಾನೆ. ಆಮೇಲೆ ಎಷ್ಟೋ ದಿನ ಅವನೇ ಇದನ್ನು ನೆನೆಸಿಕೊಳ್ಳುತ್ತಿದ್ದ.

ಮರಳಿ ಬಂದು ಬಿಳಿ ಕಾರಿನ ಮೂಲೆಗೆ ಓರೆಯಾಗಿ ಮಂಡಿಯೂರಿದೆ. ಉಂಗುರ ತಿರುಗಿಸಿದೆ. ಬಿಳಿ ಕಾರಿನ ಮುಂಗಾಜಿನಿಂದ ತೆಂಗಿನ ಗರಿಗಳು ಒಂದೊಂದಾಗಿ ಕರಗಿದವು. ಹಿಂದಿದ್ದ ಕಪ್ಪು ಕಾರಿನ ಪಕ್ಕದ ಗಾಜಿನಿಂದಲೂ ಆಕಾಶ ಇಳಿಯಿತು. ಕಾರಿನ ಪಕ್ಕದ ಗಾಜುಗಳನ್ನು ಕಾಯಿಸಿ ಗಟ್ಟಿ ಮಾಡಿರುವುದರಿಂದ ಪೋಲರೈಸರ್‌ನಲ್ಲಿ ಅವುಗಳ ಮೇಲೆ ಚಿರತೆಯ ಮೈಯಂತೆ ನೀಲಿ ಮಚ್ಚೆಗಳು ಮೂಡುತ್ತವೆ. ಅವನ್ನು ನೋಡಿ ನನಗೆ ಅಭ್ಯಾಸ. ಹಿಂದಿನ ಬಾಗಿಲಿನ ಗಾಜಿನ ಕೆಳ ಅಂಚಿನಲ್ಲಿ ಕಂಡದ್ದನ್ನೂ ಮಚ್ಚೆ ಎಂದೇ ತಿಳಿದೆ. ಇನ್ನೂ ಸ್ವಲ್ಪ ತಿರುಗಿಸಿದೆ. ಮಚ್ಚೆಗಳು ಮಸುಕಾದವು, ಅದೊಂದು ಮಸುಕಾಗಲಿಲ್ಲ. ಅದಕ್ಕೆ ಬೆರಳುಗಳಿದ್ದವು. ಮೆಹಂದಿ ಇತ್ತು.

ಒಳಗಿದ್ದದ್ದು ಆದ್ಯಾ. ಮಗು ಅಳುತ್ತಿತ್ತು ಎಂದು ನನ್ನ ನೆನಪು ಹೇಳುತ್ತದೆ. ಇವತ್ತಿಗೂ ಆ ಅಳು ಕಿವಿಯಲ್ಲಿದೆ. ಆದರೆ ದಿನೇಶ ಹೇಳುವುದು, ಒಳಗಿನಿಂದ ಯಾವ ಸದ್ದೂ ಇರಲಿಲ್ಲ, ಹಾಲ್‌ನ ವಾದ್ಯ ಮಾತ್ರ ಕೇಳುತ್ತಿತ್ತು ಎಂದು. ಅವನ ಮಾತೇ ನಿಜವಿರಬೇಕು. ಕೆನ್ನೆಯನ್ನು ಗಾಜಿಗೆ ಒತ್ತಿಕೊಂಡು, ಬಾಯಿ ತೆರೆದು, ಕಣ್ಣು ಮುಚ್ಚಿ ಒರಗಿದ್ದ ಮಗು ಅಳುವ ಸ್ಥಿತಿಯಲ್ಲಿರಲಿಲ್ಲ.

ಬಾಗಿಲು ಲಾಕ್ ಆಗಿತ್ತು. ಹಿಡಿಕೆ ಮುಟ್ಟಿದರೆ ಕೈ ಸುಡುತ್ತಿತ್ತು. ನಾನು ದಿನೇಶನನ್ನು ಕರೆದೆನಂತೆ; ಏನೆಂದು ಕರೆದೆನೋ ಗೊತ್ತಿಲ್ಲ. ಅವನು ಕೈಯಲ್ಲಿದ್ದ ಲೈಟ್ ಸ್ಟ್ಯಾಂಡ್ ಹಿಡಿದೇ ಓಡಿಬಂದ. ಒಮ್ಮೆ ಒಳಗೆ ನೋಡಿದವನು ಮಗುವಿಗೆ ಗಾಜು ತಾಗದ ಹಾಗೆ ಆಚೆ ಬದಿಗೆ ಹೋಗಿ ಮುಂದಿನ ಬಾಗಿಲಿಗೆ ಹೊಡೆದ. ಎರಡನೆಯ ಏಟಿಗೆ ಗಾಜು ಪುಡಿಯಾಯಿತು. ಒಳಗಿನಿಂದ ಹೊರಗೆ ಬಂದ ಬಿಸಿಯನ್ನು ನಾನು ಇಲ್ಲಿ ವರ್ಣಿಸಲಾರೆ. ಅವನು ಕೈ ಹಾಕಿ ಬಾಗಿಲು ತೆಗೆದು, ಮಗುವನ್ನು ಎತ್ತಿ ನನ್ನ ತೋಳಿಗೆ ಕೊಟ್ಟ. ಒಲೆಯಿಂದ ಇಳಿಸಿದ ಪಾತ್ರೆಯಂತೆ ಸುಡುತ್ತಿತ್ತು. ಕುತ್ತಿಗೆ ನಿಲ್ಲುತ್ತಿರಲಿಲ್ಲ.

ಗಾಜು ಒಡೆದ ಸದ್ದಿಗೆ ಹೊರಗೆ ಬಂದ ಹೆಂಗಸೊಬ್ಬರು "ಬಾಲೆ, ಬಾಲೆ" ಎಂದು ತುಳುವಿನಲ್ಲಿ ಕೂಗಿದರು. ಮಗು, ಮಗು. ಆ ಒಂದು ಶಬ್ದಕ್ಕೆ ವಾದ್ಯ ನಿಂತಿತು.

ಆಮೇಲೆ ಅಂಗಳದಲ್ಲಿ ಕೇಳಿದ ಮಾತುಗಳಿಂದ ಆದದ್ದು ತಿಳಿಯಿತು. ಕಪ್ಪು ಕಾರು ಮದುಮಗಳ ಸೋದರಮಾವ ಜಗದೀಶಣ್ಣನದು. ಮದುಮಗಳನ್ನು ಮಂಟಪಕ್ಕೆ ಕರೆತರಬೇಕಾದವರು ಅವರೇ, ಆದ್ದರಿಂದ ಅವಸರ. ಮಗುವಿನ ಅಜ್ಜಿಯನ್ನು ಬಾಗಿಲಲ್ಲಿ ಇಳಿಸಿ, ಕಾರು ನಿಲ್ಲಿಸಿ ಓಡಿದ್ದರು. ಮಗು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿತ್ತು. ಅಜ್ಜಿ, ಜಗದೀಶ ಎತ್ತಿಕೊಂಡು ಬರುತ್ತಾನೆ ಎಂದುಕೊಂಡರು. ಜಗದೀಶಣ್ಣ, ಅಜ್ಜಿ ಎತ್ತಿಕೊಂಡು ಹೋದರು ಎಂದುಕೊಂಡರು. ಮದುಮಗಳ ಜೊತೆ ಪಾರ್ಲರ್‌ನಿಂದ ನೇರ ಬಂದ ಶ್ವೇತಾ ಯಾರನ್ನೂ ಕೇಳಲೇ ಇಲ್ಲ. ಯಾಕೆ ಕೇಳಬೇಕು? ನಮ್ಮ ಮದುವೆಗಳಲ್ಲಿ ಮಗು ಒಂದು ಸೊಂಟದಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತದೆ. ಯಾರೋ ಅತ್ತೆ ಉಣ್ಣಿಸುತ್ತಾಳೆ, ಯಾರೋ ದೊಡ್ಡಮ್ಮ ಮಲಗಿಸುತ್ತಾಳೆ. "ನನ್ನ ಮಗು ಎಲ್ಲಿ" ಎಂದು ಕೇಳಿದರೆ ನೆಂಟರ ಮೇಲೆ ನಂಬಿಕೆಯಿಲ್ಲ ಎಂದಾಗುತ್ತದೆ.

ನೆಂಟರಲ್ಲೇ ಇದ್ದ ನರ್ಸ್ ಒಬ್ಬರು ಮಗುವಿನ ಬಟ್ಟೆ ಬಿಚ್ಚಿ, ಯಾರದೋ ಹೆಗಲ ಮೇಲಿದ್ದ ಬೈರಾಸನ್ನು ಒದ್ದೆ ಮಾಡಿ ಸುತ್ತಿ, ಸಿಕ್ಕ ಕಾರಿನಲ್ಲಿ ಆಸ್ಪತ್ರೆಗೆ ಹೊರಟರು. ಶ್ವೇತಾ ಬರಿಗಾಲಿನಲ್ಲೇ ಹತ್ತಿದಳು. ಮುಹೂರ್ತ ಮೀರಬಾರದೆಂದು ಧಾರೆ ನಡೆಯಿತು. ನಾನು ಅದರ ಚಿತ್ರಗಳನ್ನೂ ತೆಗೆದಿದ್ದೇನೆ, ಆದರೆ ತೆಗೆದದ್ದು ನೆನಪಿಲ್ಲ. ಚಿತ್ರಗಳಲ್ಲಿ ಯಾರೂ ಕ್ಯಾಮೆರಾ ನೋಡುತ್ತಿಲ್ಲ, ಎಲ್ಲರೂ ಜಗದೀಶಣ್ಣನ ಕೈಯಲ್ಲಿದ್ದ ಫೋನ್ ನೋಡುತ್ತಿದ್ದಾರೆ. ಊಟದ ಹೊತ್ತಿಗೆ ಆ ಫೋನಿಗೆ ಆಸ್ಪತ್ರೆಯಿಂದ ಕರೆ ಬಂತು. ಮಗು ಕಣ್ಣು ಬಿಟ್ಟಿದೆ, ನೀರು ಕೇಳಿದೆ. ಆ ದೊಡ್ಡ ಮನುಷ್ಯ ಬಾಳೆಲೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತರು.

ನನಗೆ ನಿಜವಾದ ಆಘಾತ ಕಾದಿದ್ದದ್ದು ಮರುದಿನ, ಸ್ಟುಡಿಯೊದಲ್ಲಿ. ಪೋಲರೈಸರ್ ಇಲ್ಲದೆ ತೆಗೆದಿದ್ದ ಆ ಮೊದಲ ಚಿತ್ರವನ್ನು ಪರದೆಯಲ್ಲಿ ದೊಡ್ಡದು ಮಾಡಿದೆ. ಬಿಳಿ ಕಾರಿನ ಹಿಂದೆ, ಕಪ್ಪು ಕಾರಿನ ಪಕ್ಕದಲ್ಲಿ ಒಬ್ಬಳು ನಿಂತಿದ್ದಳು; ತೆಗೆಯುವಾಗ ನನ್ನ ಗಮನವೆಲ್ಲ ಹೂಗಳ ಮೇಲಿತ್ತು, ಪೋಲರೈಸರ್ ತರುವಷ್ಟರಲ್ಲಿ ಅವಳು ಹೋಗಿಯಾಗಿತ್ತು. ಗಾಜನ್ನೇ ಕನ್ನಡಿ ಮಾಡಿಕೊಂಡು ಮುಡಿಯ ಮಲ್ಲಿಗೆ ಸರಿಪಡಿಸಿಕೊಳ್ಳುತ್ತಿದ್ದಳು. ಶ್ವೇತಾ.

ಆಗ ಮಗು ಕೆಳಗೆ ಮಲಗಿತ್ತೋ, ಎದ್ದಿತ್ತೋ? ಪೋಲರೈಸರ್ ಇದ್ದಿದ್ದರೆ ಕಾಣುತ್ತಿತ್ತೋ ಇಲ್ಲವೋ? ನನ್ನ ಕಾರಿನ ಸೀಟಿನಲ್ಲಿ ದಿಂಬು ಇಟ್ಟು, ಅದೇ ಹೊತ್ತಿನ ಬಿಸಿಲಿನಲ್ಲಿ ಎರಡೂ ರೀತಿ ತೆಗೆದು ನೋಡಿದೆ. ಒಂದರಲ್ಲಿ ಆಕಾಶ ಮಾತ್ರ. ಇನ್ನೊಂದರಲ್ಲಿ ದಿಂಬಿನ ಒಂದು ಮೂಲೆ. ಉತ್ತರ ಸಿಕ್ಕಿತೆಂದು ಹೇಳಲಾರೆ.

ಆ ಚಿತ್ರವನ್ನು ಆಲ್ಬಮ್ಮಿನ ಚಿತ್ರಗಳಿಂದ ಬೇರೆ ತೆಗೆದಿಟ್ಟೆ. ತಿಂಗಳ ಬಳಿಕ ಶ್ವೇತಾ ಚಿತ್ರ ಆರಿಸಲು ಬಂದಳು. ಆದ್ಯಾ ಜೊತೆಯಲ್ಲಿದ್ದಳು. ಅಮ್ಮ ಅವಳ ಕೈ ಬಿಡುತ್ತಿರಲಿಲ್ಲ.

"ಅಂಗಳದ ಫೋಟೊ ಎಲ್ಲ ತೋರಿಸಿ ಅಕ್ಕ," ಎಂದಳು.

"ಅದು ಬೇಡ ಶ್ವೇತಾ."

"ನಾನು ಅಲ್ಲಿ ಇದ್ದೆ. ನನಗೆ ಗೊತ್ತುಂಟು. ತೋರಿಸಿ."

ತೋರಿಸಿದೆ. ಬಹಳ ಹೊತ್ತು ನೋಡಿದಳು. "ಬಾಗಿಲಿಗೂ ನನಗೂ ಒಂದು ಮೊಳ ಇಲ್ಲ," ಎಂದಳು. ಮತ್ತೆ ಕೇಳಿದಳು: "ಈ ಗಾಜಿನಲ್ಲಿ ನನಗೆ ಎಂತ ಕಾಣ್ತಿತ್ತು ಅಕ್ಕ?"

"ನಿನ್ನ ಮುಖ."

ಅವಳು ತಲೆಯಾಡಿಸಿದಳು. "ಅಳಿಸಬೇಡಿ," ಎಂದಷ್ಟೇ ಹೇಳಿ, ಮಗುವನ್ನು ಎತ್ತಿಕೊಂಡು ಹೋದಳು.

ಅಳಿಸಿಲ್ಲ. ಯಾವ ಫಿಲ್ಟರ್ ಕೊಳ್ಳಬೇಕೆಂದು ಹೊಸಬರು ಕೇಳಿದಾಗ ಈಗಲೂ ಪೋಲರೈಸರ್ ಎಂದೇ ಹೇಳುತ್ತೇನೆ. ಅದರ ಜೊತೆ ಇನ್ನೊಂದನ್ನೂ ಹೇಳುತ್ತೇನೆ: ಎರಡು ಅಂಗೈಗಳನ್ನು ಕಣ್ಣಿನ ಪಕ್ಕ ಮರೆ ಮಾಡಿ ಗಾಜಿಗೆ ಮುಖ ಆನಿಸಿದರೆ ಹೊಳಪು ಹೋಗುತ್ತದೆ, ಒಳಗಿನದು ಕಾಣುತ್ತದೆ. ಅದಕ್ಕೆ ಯಾವ ಫಿಲ್ಟರೂ ಬೇಡ, ನಮ್ಮ ಮುಖ ಕಾಣುವಲ್ಲಿಗೆ ನಿಲ್ಲದೆ ಇನ್ನೊಂದು ಹೆಜ್ಜೆ ಹತ್ತಿರ ಹೋದರೆ ಸಾಕು.

ಈಗ ಯಾವ ಹಾಲ್‌ಗೆ ಹೋದರೂ ಕೆಲಸ ಶುರು ಮಾಡುವ ಮೊದಲು ನಾನೂ ದಿನೇಶನೂ ಅಂಗಳದ ಕಾರುಗಳಿಗೆ ಒಂದು ಸುತ್ತು ಬರುತ್ತೇವೆ. ಕಳೆದ ವಾರ ವಾಮಂಜೂರಿನಲ್ಲಿ ಒಬ್ಬರು ಅವನನ್ನು ತಡೆದು, "ಎಂತ ಮಾರಾಯ, ಕಾರು ಕದಿಯುವ ಅಂದಾಜು ಉಂಟಾ?" ಎಂದು ಕೇಳಿದರು. ಅವನು ಗಾಜಿನಿಂದ ಮುಖ ತೆಗೆಯಲಿಲ್ಲ.

"ಸೀಟು ನೋಡ್ತಾ ಇದ್ದೇನೆ," ಎಂದ. ಆಮೇಲೆ ನನ್ನ ಕಡೆ ತಿರುಗಿ ಹೇಳಿದ, "ಖಾಲಿ ಉಂಟು ಅಕ್ಕ."