ಹಾರ ಹಾಕಿದ ಮೇಲೆ ನಗಬೇಕು

ದೆವ್ವಗಳನ್ನು ನಾನು ನಂಬುತ್ತಿರಲಿಲ್ಲ. ನಂಬುವುದಾದರೂ ಹೇಗೆ? ಟಿವಿ ಚಾನೆಲ್ಲೊಂದಕ್ಕೆ ಅವನ್ನು ಬರೆದುಕೊಡುತ್ತಿದ್ದವನೇ ನಾನು. ಪ್ರೇತಗಳ ಬೆನ್ನು ಹತ್ತುವ ಪತ್ತೇದಾರನೊಬ್ಬನ ಟೆಲಿಚಿತ್ರಗಳವು. ನನ್ನ ದೆವ್ವಗಳೆಲ್ಲ ಊಟದ ಬಿಡುವು ಮುಗಿಸಿ, ಮೇಕಪ್ ಒಣಗಿಸಿಕೊಂಡು, ಶಿಸ್ತಾಗಿ ಬರುತ್ತಿದ್ದವು.

ಐದಾರು ವರ್ಷದ ಹಿಂದಿನ ಮಾತು. ಹೇರೋಹಳ್ಳಿಯ ಹಳೆಯ ಮನೆಯೊಂದರ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ, ಹಾಡಹಗಲೇ ಅಮಾವಾಸ್ಯೆ ಮಾಡಿಕೊಂಡು ಶೂಟಿಂಗ್ ನಡೆಸಿದ್ದೆವು. ಕಥೆಯಲ್ಲಿ ಸತ್ತ ಯಜಮಾನನ ಫೋಟೊ ಬೇಕಿತ್ತು, ಯಾರೂ ತಂದಿರಲಿಲ್ಲ. ನನ್ನ ಮುಖ ಅದಕ್ಕೆ ಹೇಳಿ ಮಾಡಿಸಿದಂತಿದೆ ಎಂದು ಒಮ್ಮತದ ತೀರ್ಮಾನವಾಯಿತು. ಮಗಳ ಆರತಕ್ಷತೆಯಲ್ಲಿ ನಾನು ಕೋಟು ತೊಟ್ಟು ನಿಂತಿದ್ದ ಚಿತ್ರಕ್ಕೆ ಕಟ್ಟು ಹಾಕಿಸಿ, ಗಂಧದ ಹಾರ ಹಾಕಿದರು.

ಸಿನಿಮಾದವರಲ್ಲಿ ಒಂದು ಪದ್ಧತಿಯಿದೆ. ಸತ್ತಂತೆ ನಟಿಸಿದವರು, ಫೋಟೊಗೆ ಹಾರ ಹಾಕಿಸಿಕೊಂಡವರು, ಶಾಟ್ ಮುಗಿದೊಡನೆ ಕ್ಯಾಮೆರಾ ನೋಡಿ ನಗಬೇಕು. ಆಗಲೇ ಅಪಶಕುನ ಕಳೆಯುವುದು. ನಿರ್ದೇಶಕ ಪ್ರದೀಪ ಕರೆದ. ನಗುವುದು ನನ್ನ ಕರಾರಿನಲ್ಲಿಲ್ಲ ಎಂದು ಘನತೆಯಿಂದ ಹೇಳಿ, ಆಟೊ ಹತ್ತಿ ಮಾರೇನಹಳ್ಳಿಯ ಲ್ಯಾಬಿಗೆ ಹೋದೆ. ಮುಂದಿನ ವಾರ ನನಗೆ ಹೃದಯದ ಆಪರೇಷನ್. ರಕ್ತ ಪರೀಕ್ಷೆ ಆಗಬೇಕಿತ್ತು.

ಸಂಜೆ ವಿಷಯ ಕೇಳಿದ ಹೆಂಡತಿ ಸೌಟು ಕೆಳಗಿಟ್ಟಳು. "ಆಪರೇಷನ್ ಇಟ್ಕೊಂಡು ಹಾರ ಹಾಕಿಸ್ಕೊಂಡ್ ಬಂದಿದೀರಲ್ರೀ. ನಾಳೆ ಹೋಗಿ ನಕ್ಕು ಬನ್ನಿ. ಅಲ್ಲೀವರ್ಗೂ ನಂಗೆ ಊಟ ಸೇರಲ್ಲ." ಸೇರಲೂ ಇಲ್ಲ. ಅವಳ ತಟ್ಟೆ ನೋಡಿ ಹೋಗಿಬರಲು ಒಪ್ಪಿದೆ.

ಬೆಳಿಗ್ಗೆ ಹೋದರೆ ಪ್ರದೀಪ, "ನಿನ್ನೆನೇ ವಾಪಸ್ ಬಂದು ನಕ್ರಲ್ಲ ಸಾರ್," ಎಂದು ಮಾನಿಟರಿನಲ್ಲಿ ತೋರಿಸಿದ. ನಾನೇ. ಫೋಟೊದ ಪಕ್ಕ ನಿಂತು ಹಲ್ಲು ಬಿಡುತ್ತಿದ್ದೆ. ಮೂಲೆಯಲ್ಲಿದ್ದ ಸಮಯ ಮೂರು ಹತ್ತು. ನನ್ನ ಜೇಬಿನಲ್ಲಿದ್ದ ಲ್ಯಾಬಿನ ಚೀಟಿಯಲ್ಲೂ ಮೂರು ಹತ್ತು. ನಾನು ಹಿಂದಿನ ದಿನ ತೊಟ್ಟದ್ದು ಅರ್ಧ ತೋಳಿನ ಷರ್ಟು; ಮಾನಿಟರಿನಲ್ಲಿ ನಗುತ್ತಿದ್ದವನ ಮೈಮೇಲೆ ಆರತಕ್ಷತೆಯ ಕೋಟು. ಕ್ಯಾಮೆರಾದ ಗಡಿಯಾರ ಕೆಟ್ಟಿರಬಹುದು, ಒಪ್ಪೋಣ. ಆದರೆ ಕೋಟು? ತಮಾಷೆ ಮಾಡುವಷ್ಟು ಕಲ್ಪನೆ ಪ್ರದೀಪನಿಗಿಲ್ಲ. ಅವನಿಗೆ ಆರು ಚಿತ್ರ ಬರೆದುಕೊಟ್ಟವನು ನಾನು.

ಹಟದಿಂದ ಕ್ಯಾಮೆರಾ ಮುಂದೆ ನಿಂತು ನಕ್ಕೆ. ಪ್ರದೀಪ ಎರಡನ್ನೂ ಹೋಲಿಸಿ ನೋಡಿದ. "ಇದು ಬಲವಂತದ್ದು ಸಾರ್. ನಿನ್ನೇದೇ ಇರ್ಲಿ," ಎಂದು ನನ್ನದನ್ನು ಅಳಿಸಿಹಾಕಿದ.

ಆಪರೇಷನ್ ಸುಸೂತ್ರವಾಯಿತು. ನಕ್ಕು ಬಂದದ್ದಕ್ಕೇ ಬದುಕಿದಿರಿ ಎನ್ನುತ್ತಾಳೆ ಹೆಂಡತಿ. ಹೂಂ ಎನ್ನುತ್ತೇನೆ. ಯಾರು ನಕ್ಕದ್ದಕ್ಕೆ ಎಂದು ಅವಳು ಕೇಳಿಲ್ಲ. ಕೇಳಿದರೆ ಹೇಳಲು ನನಗೂ ಗೊತ್ತಿಲ್ಲ. ಬೀರುವಿನಲ್ಲಿರುವ ಆ ಕೋಟನ್ನು ಮಾತ್ರ ಇಂದಿಗೂ ಮುಟ್ಟಿಲ್ಲ.