ಹೊದಿಕೆಯ ಉಸಿರು

ಆಫೀಸಿನಲ್ಲಿ ಅವಳಿಗೆ ಇಟ್ಟ ಅಡ್ಡಹೆಸರು ‘ಬೇಡಕ್ಕ’. ಬೆನ್ನ ಹಿಂದೆ ಹಾಗೆ ಆಡಿಕೊಳ್ಳುವುದು ಅವಳ ಕಿವಿಗೂ ಬಿದ್ದಿತ್ತು. ಬಿದ್ದರೂ ಬೀಳದವಳ ಹಾಗೆ ಇದ್ದುಬಿಡುತ್ತಿದ್ದಳು. ಇನ್ನೂ ನೆಟ್ಟಗೆ ಕಣ್ಣು ಬಿಡದ ಕಂಪನಿಗಳಿಗೆ ಮೊದಲ ಬಂಡವಾಳ ಹಾಕುವ ಚಿಕ್ಕ ಸಂಸ್ಥೆ ಅದು. ಬೆಳಿಗ್ಗೆ ಒಂದು ಖಂಡದವರು, ಮಧ್ಯಾಹ್ನ ಇನ್ನೊಂದು ಖಂಡದವರು ಲ್ಯಾಪ್‌ಟಾಪಿನ ಪರದೆಯ ಮೇಲೆ ಬಂದು ಕೂತು, ಜಗತ್ತನ್ನೇ ತಲೆಕೆಳಗು ಮಾಡುವ ಮಾತಾಡುತ್ತಿದ್ದರು. ಅವಳು ಎಲ್ಲ ಕೇಳಿಸಿಕೊಂಡು, ಒಂದು ಗುಟುಕು ನೀರು ಕುಡಿದು, “ಸದ್ಯಕ್ಕೆ ಬೇಡ” ಎನ್ನುತ್ತಿದ್ದಳು. ಕಾಫಿ ಬೇಕಾ ಎಂದು ಕೇಳಿದರೂ ಅವಳ ಬಾಯಲ್ಲಿ ಮೊದಲು ಬರುವುದು ಅದೇ ಎಂದು ಆಫೀಸಿನವರು ನಗುತ್ತಿದ್ದರು.

ಅಂಥವಳು ಒಬ್ಬನಿಗೆ ಮಾತ್ರ ಮೊದಲ ಭೇಟಿಯಲ್ಲೇ “ಹಾಕೋಣ” ಅಂದುಬಿಟ್ಟಿದ್ದಳು. ಸಮುದ್ರದಾಚೆಯ ದೇಶದವನು ಅವನು, ಆಸ್ಪತ್ರೆಗಳ ಯಂತ್ರ ರಿಪೇರಿ ಮಾಡುತ್ತಿದ್ದವನು. ಎಲ್ಲರೂ ಅವನನ್ನು ರಿಪೇರಿಯವನು ಎಂದೇ ಕರೆಯುತ್ತಿದ್ದರು. ಹಸುಗೂಸಿನ ಕಾಲಿಗೆ ಕಟ್ಟುವ ಮೆತ್ತನೆಯ ಪಟ್ಟಿಯೊಂದನ್ನು ಅವನು ಮಾಡಿದ್ದ. ಮಗುವಿನ ಉಸಿರಾಟ ನೆಟ್ಟಗಿದ್ದರೆ ತಾಯಿಯ ಫೋನಿನಲ್ಲಿ ಹಸಿರು ದೀಪ, ತಪ್ಪಿದರೆ ಕೆಂಪು ದೀಪ ಮತ್ತು ಮನೆ ಕಿತ್ತುಹೋಗುವಂಥ ಸದ್ದು. ಯಾಕೆ ಇದನ್ನೇ ಮಾಡಿದಿರಿ ಎಂದು ಅವಳು ಕೇಳಿದಾಗ ಅವನು ಸ್ವಲ್ಪ ಹೊತ್ತು ಮೇಜು ನೋಡಿದ. “ನಮ್ಮ ಮೊದಲ ಮಗು ನಿದ್ದೆಯಲ್ಲೇ ಹೋಯ್ತು ಮೇಡಂ. ಪಕ್ಕದಲ್ಲೇ ಮಲಗಿದ್ವಿ” ಎಂದ. ಅಷ್ಟೇ ಹೇಳಿದ್ದು.

ಅವಳ ಸಂಸ್ಥೆ ಬಂಡವಾಳ ಹಾಕಿತು. ಆ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿ ಅವಳಿಗೂ ಒಂದು ಕುರ್ಚಿ ಸಿಕ್ಕಿತು. ಕೆಲವು ವರ್ಷ ಹೆಣಗಾಡಿದ ಮೇಲೆ, ಮೂರನೆಯ ದೇಶವೊಂದರ ದೊಡ್ಡ ಹೂಡಿಕೆದಾರ್ತಿಯೊಬ್ಬಳು ಮುಂದೆ ಬಂದಳು. ಒಪ್ಪಂದಕ್ಕೆ ಸಹಿ ಆಗುವ ದಿನ ಗೊತ್ತಾಯಿತು. ಮಾರನೆಯ ದಿನವೇ ಮೊದಲ ಸರಕು ಅಂಗಡಿಗಳಿಗೆ ಹೊರಡಬೇಕು.

ಆ ದಿನಗಳಲ್ಲಿ ತಂಗಿ ತನ್ನ ಕೂಸಿನೊಂದಿಗೆ ಅವಳ ಮನೆಯಲ್ಲಿದ್ದಳು. ತಂಗಿಯ ಮನೆಗೆ ಬಣ್ಣ ಹೊಡೆಸುತ್ತಿದ್ದರು, ಕೂಸಿಗೆ ಆ ವಾಸನೆ ಆಗದು. ಮಾರಾಟಕ್ಕೆ ಸಿದ್ಧವಾದ ಪಟ್ಟಿಯೊಂದನ್ನು ಅವಳೇ ಕೂಸಿನ ಕಾಲಿಗೆ ಕಟ್ಟಿದ್ದಳು. ಸಹಿಯ ದಿನ ಮನೆಯಿಂದಲೇ ಮೀಟಿಂಗಿಗೆ ಕೂರುವುದೆಂದು ಲ್ಯಾಪ್‌ಟಾಪ್ ತೆಗೆದಿಟ್ಟು, ಸುಮ್ಮನೆ ಒಮ್ಮೆ ಕೂಸನ್ನು ನೋಡಿ ಬರೋಣವೆಂದು ಒಳಕೋಣೆಗೆ ಹೋದಳು.

ತೊಟ್ಟಿಲಲ್ಲಿ ಕೂಸು ಇರಲಿಲ್ಲ.

ಪಟ್ಟಿ ಮಾತ್ರ ಹೊದಿಕೆಯ ಮೇಲೆ ಬಿದ್ದಿತ್ತು. “ಕೂಸೆಲ್ಲಿ?” ಎಂದು ಕೂಗಿದಳು.

“ಇಲ್ಲೇ ಇದಾನಲ್ಲ ಅಕ್ಕ, ಹಾಲು ಕುಡಿಸ್ತಿದೀನಿ. ಯಾಕೆ ಹಂಗೆ ಕೂಗ್ತೀಯಾ?” ತಂಗಿ ಹಜಾರದಿಂದಲೇ ಅಂದಳು.

ಹೋದ ಜೀವ ಬಂತು. ಆದರೆ ತಂಗಿಯ ಫೋನು ಪಕ್ಕದ ಸ್ಟೂಲಿನ ಮೇಲಿತ್ತು, ಅದರಲ್ಲಿ ಹಸಿರು ದೀಪ. ಕೂಸು ನೆಮ್ಮದಿಯಾಗಿ ಉಸಿರಾಡುತ್ತಿದೆ ಎಂದು ಅದು ಹೇಳುತ್ತಿತ್ತು. ಹೊದಿಕೆಯ ಮೇಲೆ ಅಂಗೈ ಇಟ್ಟಳು. ಗೋಡೆಯಾಚೆ ಬಚ್ಚಲಿನಲ್ಲಿ ಬಟ್ಟೆ ಒಗೆಯುವ ಮೆಷಿನ್ ಅತ್ತಿಂದಿತ್ತ ಓಲಾಡುತ್ತಿತ್ತು. ಆ ಅದುರು ನೆಲದಿಂದ ತೊಟ್ಟಿಲಿಗೆ ಹತ್ತಿ, ಹೊದಿಕೆ ಸಣ್ಣಗೆ ಮಿಡಿಯುತ್ತಿತ್ತು. ಓಡಿಹೋಗಿ ಮೆಷಿನ್ ನಿಲ್ಲಿಸಿದಳು. ಫೋನು ಕೆಂಪಾಗಿ ಕಿರುಚಿಕೊಂಡಿತು. ಮತ್ತೆ ಹಾಕಿದಳು. ಫೋನು ತೆಪ್ಪಗಾಗಿ ಹಸಿರು ತೋರಿಸಿತು. ಇದು ಕಣ್ತಪ್ಪಲ್ಲ ತಾನೇ ಎಂದು ಇನ್ನೊಮ್ಮೆ ಮಾಡಿ ನೋಡಿದಳು.

ರಿಪೇರಿಯವನಿಗೆ ಫೋನ್ ಮಾಡಿ ಕಂಡದ್ದನ್ನು ಹೇಳಿದಳು.

“ಗೊತ್ತು ಮೇಡಂ.”

“ಗೊತ್ತಾ?”

“ಅಪರೂಪಕ್ಕೆ ಹಂಗಾಗತ್ತೆ. ಸರಿಮಾಡ್ತೀವಿ. ಮೊದಲು ಸರಕು ಹೋಗ್ಲಿ.”

“ಮಗು ಉಸಿರು ನಿಲ್ಲಿಸಿದ ಹೊತ್ತಲ್ಲೇ ಪಕ್ಕದಲ್ಲಿ ಮೆಷಿನ್ ಓಡ್ತಿದ್ರೆ?”

“ನನಗೆ ಅದನ್ನ ಹೇಳ್ಕೊಡಬೇಡಿ ಮೇಡಂ!” ಅವನ ದನಿ ಒಡೆಯಿತು. “ಇದು ಅಂಗಡಿಗೆ ಹೋಗೋದು ತಡ ಆದಷ್ಟೂ ಎಲ್ಲೋ ಒಂದು ತೊಟ್ಟಿಲು ಖಾಲಿ ಆಗತ್ತೆ. ನೂರರಲ್ಲಿ ಒಂದು ಸಲ ತಪ್ಪತ್ತೆ ಅಂತ ತೊಂಬತ್ತೊಂಬತ್ತು ಮಕ್ಕಳನ್ನ ಬಿಡೋಣ್ವಾ? ಇವತ್ತು ಸಹಿ ಬೀಳಲಿಲ್ಲ ಅಂದ್ರೆ ಕಂಪನಿನೇ ಇರಲ್ಲ.”

“ಹಂಗಾದ್ರೆ ಅವರಿಗೆ ನೀವೇ ಹೇಳಿ. ನಾನು ನಿಮ್ಮ ಜೊತೆ ನಿಲ್ತೀನಿ.”

“ಹೇಳಿದ್ರೆ ಎದ್ದು ಹೋಗ್ತಾರೆ” ಎಂದು ಅವನು ಫೋನ್ ಇಟ್ಟ.

ಸಂಸ್ಥೆಯ ಯಜಮಾನರಿಗೆ ಫೋನ್ ಮಾಡಿದಳು. ಅವಳನ್ನು ಕೆಲಸಕ್ಕೆ ತೆಗೆದುಕೊಂಡು ಬೆಳೆಸಿದವರು ಅವರೇ.

“ನೋಡಮ್ಮ, ಹುಳುಕಿಲ್ಲದ ಹೊಸ ಕಂಪನಿ ಯಾವುದಿದೆ ಹೇಳು. ಸಹಿ ಆಗ್ಲಿ, ಆ ದುಡ್ಡಲ್ಲೇ ಸರಿಮಾಡಿಸೋಣ. ಒಂದು ವಾರ ಬಾಯಿ ಮುಚ್ಕೊಂಡಿರು ಅಂತಿದೀನಿ, ಅಷ್ಟೇ.”

“ನಾಳೆನೇ ಸರಕು ಹೊರಡತ್ತೆ, ಸರ್.”

“ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಇದೊಂದೇ ನೀನು ಹೂಂ ಅಂದಿದ್ದು. ಇದನ್ನೂ ನಿನ್ನ ಕೈಯಾರೆ ಕೊಲ್ತೀಯಾ?”

ಆ ಮಾತು ಚುಚ್ಚಬೇಕಾದಲ್ಲೇ ಚುಚ್ಚಿತು. ಯಜಮಾನರ ಮಾತಿನಲ್ಲೂ, ರಿಪೇರಿಯವನ ಮಾತಿನಲ್ಲೂ ಹುರುಳಿರಲಿಲ್ಲವೆಂದಲ್ಲ. ಸುಮ್ಮನಿದ್ದರೆ ಎಲ್ಲರೂ ಬದುಕುತ್ತಾರೆ. ಬಹುಶಃ ಎಲ್ಲ ಮಕ್ಕಳೂ. ಆ ‘ಬಹುಶಃ’ವನ್ನು ದಾಟಿ ಹೋಗಲು ಅವಳಿಗೆ ಆಗಲಿಲ್ಲ.

ಮೀಟಿಂಗ್ ಶುರುವಾಯಿತು. ಪರದೆಯ ಮೇಲೆ ನಾಲ್ಕು ಮುಖ: ಹೂಡಿಕೆದಾರ್ತಿ, ಅವಳ ವಕೀಲ, ಯಜಮಾನರು, ರಿಪೇರಿಯವನು. ರಿಪೇರಿಯವನು ಹೊಸ ಅಂಗಿ ಹಾಕಿದ್ದ, ಕಾಲರ್ ಒಂದು ಕಡೆ ಮಡಚಿಕೊಂಡಿತ್ತು. ವಕೀಲ ಷರತ್ತುಗಳನ್ನು ಓದಿ ಮುಗಿಸಿ, ರೂಢಿಗೆಂಬಂತೆ ಕೇಳಿದ: “ನಮಗೆ ಗೊತ್ತಿರಬೇಕಾದ್ದು ಇನ್ನೇನಾದ್ರೂ ಇದೆಯಾ?”

ಯಜಮಾನರು ತಲೆ ಬಗ್ಗಿಸಿ ಲೇಖನಿಯ ಮುಚ್ಚಳ ತಿರುಗಿಸತೊಡಗಿದರು. ಅವಳು ರಿಪೇರಿಯವನನ್ನೇ ನೋಡುತ್ತಿದ್ದಳು. ಅವನೇ ಹೇಳಲಿ ಎಂದು ಕಾದಳು. ಅವನ ತುಟಿ ಅಲುಗಿತು.

“ಇಲ್ಲ” ಎಂದ.

“ಇದೆ” ಎಂದಳು ಅವಳು. ತೊಟ್ಟಿಲು, ಹೊದಿಕೆ, ಮೆಷಿನ್ ಎಲ್ಲವನ್ನೂ ಬಿಡಿಸಿ ಹೇಳಿದಳು. ಹೇಳುತ್ತಿದ್ದಂತೆ ರಿಪೇರಿಯವನ ಮುಖವಿದ್ದ ಚೌಕ ಕಪ್ಪಾಯಿತು. ಹೂಡಿಕೆದಾರ್ತಿ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. “ನಾವು ಯೋಚನೆ ಮಾಡ್ಬೇಕಾಗತ್ತೆ” ಎಂದಷ್ಟೇ ಹೇಳಿ ಹೊರಟುಹೋದಳು. ಅವಳ ಯೋಚನೆ ಆ ವಾರ ಮುಗಿಯಿತು, ಬಂಡವಾಳ ಬರಲಿಲ್ಲ. ಸರಕೂ ಹೊರಡಲಿಲ್ಲ.

ಆಮೇಲಿನದು ಸುಖದ ಕಾಲವಾಗಿರಲಿಲ್ಲ. ರಿಪೇರಿಯವನು ಅರ್ಧಕ್ಕರ್ಧ ಜನರನ್ನು ಮನೆಗೆ ಕಳಿಸಬೇಕಾಯಿತು. ಯಜಮಾನರು ಹೊಸ ಕಂಪನಿಗಳನ್ನು ಅವಳ ಮುಂದೆ ತರುವುದನ್ನೇ ಬಿಟ್ಟರು. ಅವಳ ಫೋನನ್ನು ರಿಪೇರಿಯವನು ಎತ್ತಲೇ ಇಲ್ಲ. ಕೊನೆಗೆ ರಜೆ ಹಾಕಿ, ವಿಮಾನ ಹತ್ತಿ ಅವನ ಊರಿಗೇ ಹೋದಳು.

ತಗಡಿನ ಮಾಡಿನ ಕಾರ್ಖಾನೆ. ಬಾಗಿಲಿಂದ ಗೋಡೆಯವರೆಗೂ ಹೊರಡದೇ ಉಳಿದ ಪೆಟ್ಟಿಗೆಗಳು. ಅವನು ಎದ್ದು ನಿಲ್ಲಲಿಲ್ಲ.

“ಒಂದೇ ಒಂದು ದಿನ ನನಗೆ ಕೊಡಬಹುದಿತ್ತು” ಎಂದ.

“ಸಹಿ ಮುಂದಕ್ಕೆ ಹಾಕಿ ಅಂತ ನೀವು ಕೇಳಿದ್ರೆ ಕೊಡ್ತಿದ್ದೆ.”

“ಕೇಳೋ ಸ್ಥಿತೀಲಿ ನಾನಿದ್ನಾ?”

ಆಗ ಪೆಟ್ಟಿಗೆಗಳ ಹಿಂದಿನಿಂದ ಅವನ ಹೆಂಡತಿ ಬಂದಳು, ಸೊಂಟದ ಮೇಲೆ ಎರಡನೇ ಮಗು. ಅವಳು ಗಂಡನನ್ನೇ ನೋಡುತ್ತಾ ಅಂದಳು: “ಮೆಷಿನ್ ವಿಷಯ ನನಗ್ಯಾಕೆ ಹೇಳಿರ್ಲಿಲ್ಲ ನೀವು? ಇದೇ ಪಟ್ಟಿ ನಂಬ್ಕೊಂಡು ಇವನ ಪಕ್ಕದಲ್ಲಿ ನಾನು ನಿದ್ದೆ ಮಾಡಿದೀನಿ.”

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಕೊನೆಗೆ ಎದ್ದು, ಪೆಟ್ಟಿಗೆಯೊಂದನ್ನು ಒಡೆದು, ಪಟ್ಟಿಯನ್ನು ಹೊರತೆಗೆದು ಮೇಜಿನ ಮೇಲಿಟ್ಟ. “ಕೂತ್ಕೊಳ್ಳಿ” ಎಂದ.

ಹಳೆಯ ಬಟ್ಟೆ ಮೆಷಿನ್ ಒಂದನ್ನು ತಂದು ಕಾರ್ಖಾನೆಯ ನಡುವೆ ನಿಲ್ಲಿಸಿದರು. ಹೊರಗಿನ ಅದುರನ್ನು ಬಿಟ್ಟು ಮಗುವಿನ ಉಸಿರನ್ನಷ್ಟೇ ಎಣಿಸುವ ಹಾಗೆ ಪಟ್ಟಿಯನ್ನು ಮತ್ತೆ ಮೊದಲಿಂದ ಕಟ್ಟುವಷ್ಟರಲ್ಲಿ ಒಂದು ವರ್ಷದ ಮೇಲಾಯಿತು. ದೊಡ್ಡ ಹೂಡಿಕೆದಾರ್ತಿ ತಿರುಗಿ ಬರಲಿಲ್ಲ. ಇವರ ಎದುರಾಳಿ ಕಂಪನಿಗೆ ಬಂಡವಾಳ ಹಾಕಿದಳಂತೆ. ಹೆರಿಗೆ ಆಸ್ಪತ್ರೆಯೊಂದು ಇವರ ಪಟ್ಟಿಗಳನ್ನು ಕೊಂಡಿತು, ಆಮೇಲೆ ಇನ್ನೊಂದು. ಕಂಪನಿ ಇಂದಿಗೂ ಚಿಕ್ಕದೇ. ಅವರಿಬ್ಬರೂ ಸ್ನೇಹಿತರಾದರು ಎಂದು ಹೇಳುವಂತಿಲ್ಲ. ಆದರೆ ಮಂಡಳಿ ಸೇರಿದಾಗಲೆಲ್ಲ ಅವನು ಲೆಕ್ಕಪತ್ರ ತೆರೆಯುವ ಮುಂಚೆ ಅವಳ ಕಡೆ ತಿರುಗಿ, “ಕೆಟ್ಟದ್ದೇನಾದ್ರೂ ಇದ್ರೆ ಮೊದಲು ಹೇಳ್ಬಿಡಿ ಮೇಡಂ” ಎನ್ನುತ್ತಾನೆ.