ಎಮ್ಮೆಗಳಿಗೆ ಏರ್‌ಬ್ಯಾಗು

ಗಡಹಿಂಗ್ಲಜದಲ್ಲಿ ನನ್ನದು ಪೈಪು, ಪಂಪುಗಳ ಅಂಗಡಿ. ವಾರಕ್ಕೆ ಎರಡು ಸಲ ಕೊಲ್ಹಾಪುರಕ್ಕೆ ಹೋಗಿ ಸಾಮಾನು ತರಲು ಒಂದು ಪಿಕಪ್ ಗಾಡಿ ಇಟ್ಟಿದ್ದೇನೆ. ಮೂರು ವರ್ಷದ ಹಿಂದೆ ಅದರ ಸ್ಪ್ರಿಂಗುಗಳನ್ನೆಲ್ಲ ಕೀಳಿಸಿ, ಕಾಡು ಗುಡ್ಡ ಹತ್ತುವ ಗಾಡಿಗಳಿಗೆ ಹಾಕುವ ಉದ್ದನೆಯ, ಮೆತ್ತನೆಯ ಸ್ಪ್ರಿಂಗುಗಳನ್ನು ಹಾಕಿಸಿದೆ. ಗಾಡಿ ಮೂರು ಇಂಚು ಎತ್ತರವಾಯಿತು. ನಾನು ಅದಕ್ಕಿಂತ ತುಸು ಹೆಚ್ಚೇ ಆದೆ. ಮೊಬೈಲಿನಲ್ಲಿ ಬರುವ ವಿಡಿಯೋಗಳೇ ಇದಕ್ಕೆ ಕಾರಣ. ಅವುಗಳಲ್ಲಿ ಗಡ್ಡದ ಗಂಡಸರು ಮರಳುಗಾಡಿನಲ್ಲಿ, ಬಂಡೆಗಳ ಮೇಲೆ ಗಾಡಿ ಹತ್ತಿಸುತ್ತಿದ್ದರು. ನನ್ನ ದಾರಿಯಲ್ಲಿದ್ದದ್ದು ಸ್ಪೀಡ್ ಬ್ರೇಕರುಗಳು, ಮತ್ತು ಕಬ್ಬಿನ ಹಂಗಾಮಿನಲ್ಲಿ ರಸ್ತೆ ತುಂಬ ತೂಗಾಡುತ್ತ ಹೋಗುವ ಟ್ರ್ಯಾಕ್ಟರುಗಳು. ಆದರೂ ಯಾರಾದರೂ ಕೇಳಿದರೆ ‘ಎಲ್ಲಿ ಬೇಕಾದರೂ ಹೋಗತೈತಿ’ ಎನ್ನುತ್ತಿದ್ದೆ. ಸಾಲೆಯಲ್ಲಿ ಕಲಿಸುವ ನನ್ನ ಹೆಂಡತಿ ಒಮ್ಮೆ, “ಹೋಗತೈತಿ ಖರೆ. ಹೋಗೂದು ಯಾವಾಗ?” ಎಂದು ಕೇಳಿದ್ದಳು. ನಾನು ಗಾಡಿಯ ಕನ್ನಡಿ ಒರೆಸತೊಡಗಿದೆ.

ಆ ವರ್ಷ ಮಳೆ ಶುರುವಾಗುತ್ತಲೇ ಅಕಿವಾಟದಿಂದ ಸೋದರತ್ತೆಯ ಫೋನು ಬಂತು. ಅವಳಿಗೆ ಎಪ್ಪತ್ತು ದಾಟಿದೆ, ಹೊಳೆಯ ಹತ್ತಿರ ಮನೆ, ಎರಡು ಎಮ್ಮೆ. ಕೃಷ್ಣೆ ಏರುವ ಲಕ್ಷಣ ಕಂಡರೆ ಎಮ್ಮೆಗಳ ಸಮೇತ ನಮ್ಮ ತೋಟಕ್ಕೆ ಬಂದು ಒಂದು ತಿಂಗಳು ಇರುವುದು ಅವಳ ರೂಢಿ. ಪ್ರತಿ ವರ್ಷವೂ ಅವಳ ಊರಿನ ಒಬ್ಬ ಟೆಂಪೊದವನು ಕರೆತರುತ್ತಿದ್ದ. ಈ ಸಲ ಅವನು ಬೇಡವೆಂದೆ. ಎಮ್ಮೆಗಳನ್ನು ನಾನೇ ನನ್ನ ಗಾಡಿಯ ಹಿಂದೆ ಟ್ರೇಲರ್ ಕಟ್ಟಿ ತರುತ್ತೇನೆಂದು ಹೇಳಿ, ಇಚಲಕರಂಜಿಯ ಒಬ್ಬ ವೆಲ್ಡಿಂಗಿನವನ ಕಡೆಯಿಂದ ಗಟ್ಟಿಯಾದ ಟ್ರೇಲರನ್ನೂ ಮಾಡಿಸಿದೆ.

ಪರೀಕ್ಷೆಗೆಂದು ಅಕಿವಾಟಕ್ಕೆ ಹೋಗಿ ಎಮ್ಮೆಗಳನ್ನು ಟ್ರೇಲರಿಗೆ ಹತ್ತಿಸಿದಾಗಲೇ ಎಡವಟ್ಟು ತಿಳಿದದ್ದು. ಎರಡೂ ಎಮ್ಮೆಗಳು ಮುಂದೆ ಸರಿದು ನಿಂತವು. ಭಾರವೆಲ್ಲ ಕೊಂಡಿಯ ಮೇಲೆ ಬಿದ್ದು, ನನ್ನ ಮೆತ್ತನೆಯ ಸ್ಪ್ರಿಂಗುಗಳು ಹಾಸಿಗೆಯಂತೆ ಕುಸಿದವು. ಗಾಡಿಯ ಹಿಂಭಾಗ ನೆಲಕ್ಕೆ ಇಳಿಯಿತು, ಮೂತಿ ಆಕಾಶಕ್ಕೆ ಎದ್ದಿತು. ಸ್ಟೇರಿಂಗ್ ಹಿಡಿದರೆ ಮುಂದಿನ ಗಾಲಿಗಳು ಇವೆಯೋ ಇಲ್ಲವೋ ಎನ್ನುವಷ್ಟು ಹಗುರ. ಪಕ್ಕದಲ್ಲಿ ಕುಳಿತಿದ್ದ ಅತ್ತೆ ಕಣ್ಣು ಕಿರಿದು ಮಾಡಿ ಮುಂದೆ ನೋಡಿದಳು.

“ಲೇ ತಮ್ಮಾ, ನನಗ ಬರೇ ಮೋಡ ಕಾಣಾಕತ್ತಾವ. ರಸ್ತಾ ಎಲ್ಲೈತಿ?”

ಊರು ದಾಟದೆ ವಾಪಸು ತಿರುಗಿಸಿದೆ.

ಮರುದಿನ ಗೋಕುಳ ಶಿರಗಾಂವದ ಒಂದು ಗ್ಯಾರೇಜಿಗೆ ಹೋದೆ. ಅಲ್ಲಿಯ ಮೇಸ್ತ್ರಿ ಗಾಡಿಯ ಕೆಳಗೆ ಮಲಗಿ ನೋಡಿ, ಎದ್ದು ಬಂದು, “ಸಾಹೇಬ, ಹಳೇ ಸ್ಪ್ರಿಂಗ ಹಾಕಿ ಬಿಡ್ರಿ. ಇವು ಕಲ್ಲು ಹತ್ತಾಕ ಮಾಡ್ಯಾರ, ಎಮ್ಮಿ ಜಗ್ಗಾಕ ಅಲ್ಲ” ಎಂದ.

“ಅದೊಂದ ಹೇಳಬ್ಯಾಡ” ಎಂದೆ. ಮೂರು ಇಂಚು ಕಳೆದುಕೊಳ್ಳುವ ಮಾತೇ ನನಗೆ ಸಹಿಸಲಾಗಲಿಲ್ಲ.

ಹಾಗಾದರೆ ಏರ್‌ಬ್ಯಾಗ್ ಹಾಕೋಣ ಎಂದ. ಗಾಡಿಯ ಅಡಿಯ ಚೌಕಟ್ಟಿಗೂ ಹಿಂದಿನ ಗಾಲಿಗಳ ಅಚ್ಚಿಗೂ ನಡುವೆ ಕೂರಿಸುವ ದಪ್ಪ ರಬ್ಬರಿನ ಎರಡು ಚೀಲಗಳು. ಗಾಳಿ ತುಂಬಿದರೆ ಉಬ್ಬಿ ಹಿಂಭಾಗವನ್ನು ಎತ್ತಿ ಹಿಡಿಯುತ್ತವೆ. ‘ಗಾಡಿ ಮಟ್ಟಸ ಆಗತೈತಿ, ಆದ್ರ ಹೊರೂ ತಾಕತ್ತೇನು ಹೆಚ್ಚಾಗಂಗಿಲ್ಲ’ ಎಂದೂ ಎಚ್ಚರಿಸಿದ. ಆಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿದ.

“ಖರಂ ಸಾಂಗಾ, ಖರೇ ಹೇಳ್ರಿ ಸಾಹೇಬ. ಈ ಗಾಡಿ ಎಂದಾದ್ರೂ ಡಾಂಬರ ಬಿಟ್ಟು ಇಳದೈತೇನು?”

“ಯಾಕ?”

“ಹಳ್ಳದಾಗ ಇಳದ್ರ ನಿಮ್ಮ ಗಾಲಿ ಭಾಳ ಕೆಳಗ ಜೋತು ಬೀಳತಾವ. ಚೀಲ ಮ್ಯಾಲೂ ಕೆಳಗೂ ಬಿಗದಿರತೈತಿ. ಅಷ್ಟು ಜಗ್ಗಿದ್ರ ಹರೀತೈತಿ. ನೀವು ಗುಡ್ಡಕ್ಕ ಹೋಗವ್ರಾದ್ರ ಕೆಳಗ ಒಂದು ಬಟ್ಟಲದಂಥಾ ಸಾಮಾನು ಹಾಕಬೇಕು, ಚೀಲ ಅದರಾಗ ಬರೇ ಕುಂತಿರತೈತಿ. ಪುಣೆದಿಂದ ಬರಾಕ ಎಂಟ ದಿವಸ.”

ಹೊಳೆ ಎಂಟು ದಿನ ಕಾಯುವಂತಿರಲಿಲ್ಲ. ಸುತ್ತ ನಾಲ್ಕೈದು ಜನ ಗಿರಾಕಿಗಳು ಚಹಾ ಕುಡಿಯುತ್ತ ಕೇಳುತ್ತಿದ್ದರು.

“ಇಳದಿಲ್ಲ” ಎಂದೆ.

“ಎಂದೂ?”

“ಎಂದೂ ಇಲ್ಲಪಾ.”

ಮೇಸ್ತ್ರಿ ನಗಲಿಲ್ಲ. ಪಾನಾ ತೆಗೆದುಕೊಂಡು ಸುಮ್ಮನೆ ಗಾಡಿಯ ಕೆಳಗೆ ಹೋದ. ಆ ಉಪಕಾರವನ್ನು ನಾನು ಇನ್ನೂ ಮರೆತಿಲ್ಲ.

ಸಂಜೆ ಮನೆಗೆ ಬಂದು ಹೆಂಡತಿಗೆ ಸುದ್ದಿ ಹೇಳಿದೆ.

“ಏರ್‌ಬ್ಯಾಗ ಮುಂದ ಅದಾವಲ್ರಿ, ಎರಡು?”

“ಇವು ಹಿಂದಿನವು.”

“ಹಿಂದ ಯಾರು ಇರತಾರ?”

“ಎಮ್ಮಿ.”

ಎಷ್ಟು ಬಿಡಿಸಿ ಹೇಳಿದರೂ, ಮರುದಿನ ಅವಳ ಸಾಲೆಯ ಸ್ಟಾಫ್ ರೂಮಿನಿಂದ ಹೊರಟ ಸುದ್ದಿ ಸಂಜೆಯೊಳಗೆ ಪೇಟೆ ಮುಟ್ಟಿತು: ನಾನು ಎಮ್ಮೆಗಳಿಗೆ ಏರ್‌ಬ್ಯಾಗ್ ಹಾಕಿಸಿದ್ದೇನೆ. ಬಟ್ಟೆ ಅಂಗಡಿಯ ಸಾಹುಕಾರರು ಅತ್ಯಂತ ಗಂಭೀರವಾಗಿ, “ಬೆಲ್ಟ ಎಲ್ಲಿ ಕಟ್ಟತೀರಿ, ಕೊಳ್ಳಿಗೊ ಹೊಟ್ಟಿಗೊ?” ಎಂದು ವಿಚಾರಿಸಿದರು. ಪೈಪು ಕೊಳ್ಳಲು ಬಂದ ಒಬ್ಬರು, ತಮ್ಮ ಅತ್ತೆಯವರಿಗೂ ಒಂದು ಕೂಡ್ರಿಸಬಹುದೇ ಎಂದು ಕೇಳಿದರು.

ಖಾಲಿ ಇದ್ದಾಗ ಎಷ್ಟು ಗಾಳಿ, ಭಾರ ಇದ್ದಾಗ ಎಷ್ಟು ಎಂದು ಮೇಸ್ತ್ರಿ ಚೀಟಿ ಬರೆದುಕೊಟ್ಟಿದ್ದ. ನಾನು ಖಾಲಿ ಗಾಡಿಗೇ ಪೂರ್ತಿ ತುಂಬಿಸಿದೆ, ಇನ್ನೊಂದು ಇಂಚು ಎತ್ತರ ಕಾಣುತ್ತದೆಂದು. ಅಕಿವಾಟ ಮುಟ್ಟುವಷ್ಟರಲ್ಲಿ ಬೆನ್ನುಹುರಿಯ ಒಂದೊಂದು ಮಣಿಯನ್ನೂ ಬೇರೆ ಬೇರೆ ಎಣಿಸಬಹುದಾಗಿತ್ತು. ಆದರೆ ಎಮ್ಮೆಗಳು ಹತ್ತಿದ ಮೇಲೆ ಗಾಡಿ ಕಟ್ಟೆಯಂತೆ ಸಮನಾಗಿ ನಿಂತಿತು. ಅಂಗಳದಲ್ಲಿ ಸೇರಿದ್ದ ಮಂದಿ ‘ಭಾರೀ’ ಎಂದರು. ನಾನು ಸುಮ್ಮಸುಮ್ಮನೆ ಗಾಡಿಯನ್ನು ಎರಡು ಸುತ್ತು ಹಾಕಿ ಟೈರು ಒದ್ದು ನೋಡಿದೆ.

ಊರ ಹೊರಗೆ ತಗ್ಗಿನಲ್ಲಿ ರಸ್ತೆಯ ಮೇಲೆ ನೀರು ಬಂದಿತ್ತು. ಅತ್ತೆ, “ತಮ್ಮಾ, ಸುತ್ತ ಹಾಕಿ ಹೋಗೂಣು. ಆ ಕಡೆ ಡಾಂಬರ ಛಲೋ ಐತಿ” ಎಂದಳು. ಬಲಕ್ಕೆ ಕಬ್ಬಿನ ಹೊಲಗಳ ನಡುವೆ ಒಂದು ಕಚ್ಚಾ ಗಾಡಿದಾರಿ ಕಂಡಿತು. ಮೂರು ವರ್ಷ ನಾನು ಹೇಳಿಕೊಂಡು ತಿರುಗಿದ್ದೆಲ್ಲ ಆ ದಾರಿಯ ಬಾಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಂತಿತ್ತು.

“ಅತ್ತಿ, ಈ ಗಾಡಿ ಇರೂದ ಇಂಥಾದ್ದಕ್ಕ” ಎಂದು ತಿರುಗಿಸಿದೆ.

ಅರ್ಧ ಫರ್ಲಾಂಗು ವೈಭವದಿಂದ ಹೋದೆವು. ಮುಂದೆ ದಾರಿಗೆ ಅಡ್ಡ ಒಂದು ನೀರುಗಾಲುವೆ. ಮುಂದಿನ ಗಾಲಿಗಳು ದಾಟಿದವು. ಎಡಗಡೆಯ ಹಿಂದಿನ ಗಾಲಿ ಕಾಲುವೆಯೊಳಗೆ ಜೋತುಬಿತ್ತು. ಏನೋ ಕಿತ್ತ ಸಪ್ಪಳ, ಅದರ ಹಿಂದೆಯೇ ದೊಡ್ಡ ನಿಟ್ಟುಸಿರಿನಂತೆ ‘ಫುಸ್’. ಗಾಡಿ ಎಡಕ್ಕೆ ವಾಲಿತು. ಎಮ್ಮೆಗಳು ಒಟ್ಟಿಗೆ ಒದರಿದವು.

“ಏನಾತೊ?”

“ಏರ್‌ಬ್ಯಾಗ ಹೋತು ಅತ್ತಿ.”

“ಅಪಘಾತ ಆದಾಗ ಬಿಚ್ಚೂದ ಅದರ ಕೆಲಸ ಅಲ್ಲೇನ? ಪಾಪ, ಬರೋಬ್ಬರಿ ಬಿಚ್ಚೈತಿ.”

ಅವಳು ಸೀರೆ ಎತ್ತಿ ಕಟ್ಟಿ ಇಳಿದು, ಎಮ್ಮೆಗಳನ್ನು ಕೆಳಗಿಳಿಸಿ, ಎರಡರ ಹಗ್ಗವನ್ನೂ ಹಿಡಿದು ಡಾಂಬರು ರಸ್ತೆಯ ಕಡೆ ನಡೆದಳು. ಒಳ್ಳೆಯ ಬೂಟು ಹಾಕಿಕೊಂಡಿದ್ದ ನಾನು ಕೆಸರಿನಲ್ಲಿ ಹಿಂದೆ ಹಿಂದೆ ಹೋದೆ. ಟೆಂಪೊದವನಿಗೆ ಫೋನು ಮಾಡಿದ್ದೂ ಅವಳೇ. ಅವನು ಅರ್ಧ ತಾಸಿನಲ್ಲಿ ಬಂದ, ಒಂದು ಮಾತೂ ಆಡಿಕೊಳ್ಳಲಿಲ್ಲ. ಎಮ್ಮೆಗಳು ಯಾರೂ ಹೇಳದೆ ತಾವಾಗಿಯೇ ಟೆಂಪೊ ಹತ್ತಿದವು. ಆಗ ನನಗೆ ನಿಜವಾಗಿ ನಾಚಿಕೆಯಾಯಿತು.

ಅವರನ್ನು ಕಳಿಸಿ ಟ್ರ್ಯಾಕ್ಟರಿಗಾಗಿ ಕಾಯುತ್ತ ನಿಂತಾಗ ತಿರುಗಿ ನೋಡಿದೆ. ಕೆಸರು ಮೆತ್ತಿಕೊಂಡು, ಒಂದು ಗಾಲಿ ಕಾಲುವೆಯಲ್ಲಿ, ಮೂತಿ ಕಬ್ಬಿನ ಕಡೆಗೆ ಮಾಡಿ ನಿಂತಿದ್ದ ನನ್ನ ಗಾಡಿ ವಿಡಿಯೋದ ಗಾಡಿಗಳ ಹಾಗೆಯೇ ಕಾಣುತ್ತಿತ್ತು. ಫೋಟೊ ತೆಗೆದು ಹೆಂಡತಿಗೆ ಕಳಿಸಿದೆ. ‘ಅಭಿನಂದನೆಗಳು’ ಎಂದು ಉತ್ತರ ಬಂತು.

ಮೇಸ್ತ್ರಿ ಈ ಸಲ ನನ್ನನ್ನು ಏನೂ ಕೇಳಲಿಲ್ಲ. ಹಳೆಯ ಸ್ಪ್ರಿಂಗುಗಳನ್ನು ಹಾಕಿದ, ಅವಕ್ಕೆ ಹೊಂದುವ ಹೊಸ ಚೀಲಗಳನ್ನು ಕೂರಿಸಿದ. ಗಾಳಿಯನ್ನು ಚೀಟಿಯಲ್ಲಿದ್ದಷ್ಟೇ ತುಂಬಿದೆ. ನೀರು ಇಳಿದ ಮೇಲೆ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಮ್ಮೆಗಳನ್ನು ಅದೇ ಟ್ರೇಲರಿಗೆ ಹತ್ತಿಸಿ ಅಕಿವಾಟಕ್ಕೆ ಬಿಟ್ಟುಬಂದೆ. ಕಾಗಲ ದಾಟುವ ಮೊದಲೇ ಅತ್ತೆ ಗೊರಕೆ ಹೊಡೆಯುತ್ತಿದ್ದಳು. ಅಷ್ಟು ನೀರಸವಾದ ಪ್ರಯಾಣವನ್ನು ನಾನು ಮಾಡಿಯೇ ಇರಲಿಲ್ಲ.

ಕಿತ್ತ ಸ್ಪ್ರಿಂಗುಗಳು ಅಂಗಡಿಯ ಹಿಂದೆ ಬಿದ್ದಿದ್ದವು. ದೀಪಾವಳಿ ಮುಗಿದ ಮೇಲೆ ಬಿದ್ರಿ ಕಡೆಯ ಕಬ್ಬಿನ ರೈತರೊಬ್ಬರು ಅವನ್ನು ನೋಡಲು ಬಂದರು. ಹೊಸ ಪಿಕಪ್, ಕಪ್ಪು ಕನ್ನಡಕ, ಎರಡೂ ಅವರ ಜೊತೆಗಿದ್ದವು. ಸ್ಪ್ರಿಂಗನ್ನು ಸವರಿ ನೋಡಿ ನನ್ನತ್ತ ತಿರುಗಿದರು.

“ಇದರ ಮ್ಯಾಲ ಎಲ್ಲೆಲ್ಲಿ ಹೋಗೀರಿ?”

ಕಾಲುವೆಯ ಸಂಗತಿ ಹೇಳಬೇಕೆಂದು ಬಾಯಿ ತೆರೆದೆ. ಅವರ ಕಣ್ಣಿನಲ್ಲಿದ್ದ ಆಸೆ ನೋಡಿ ಮನಸ್ಸು ಬರಲಿಲ್ಲ. ಅಥವಾ ಹೇಳಲು ನನಗೇ ಮನಸ್ಸಿರಲಿಲ್ಲ.

“ಡಾಂಬರ ಬಿಟ್ಟು ಭಾಳ ದೂರ” ಎಂದೆ.